ಓದುಗರ ಪ್ರಶ್ನೆಗಳಿಗೆ ಉತ್ತರ: ಜಪಾನಿನ ಬೇಸಿಗೆಯಲ್ಲಿ ಇಂಗ್ಲಿಷ್ ಶಿಕ್ಷಕರು

ಪ್ರಶ್ನೆ: ನನ್ನ ಮಗಳು, ವಿದೇಶಿ ಯುವಜನರನ್ನು ಜಪಾನಿನ ಶಾಲೆಗಳಿಗೆ ಕರೆಸಿಕೊಳ್ಳುವ ಅಲ್ಲಿನ ಸರ್ಕಾರದ ಜೆಟ್ ಕಾರ್ಯಕ್ರಮದ ಮೂಲಕ, ಜಪಾನಿನ ಸರ್ಕಾರಿ ಮಾಧ್ಯಮಿಕ ಶಾಲೆಯೊಂದಕ್ಕೆ ಸಹಾಯಕ ಇಂಗ್ಲಿಷ್ ಶಿಕ್ಷಕಿಯಾಗಿ ಆಯ್ಕೆಯಾಗಿದ್ದಾಳೆ. ಆಗಸ್ಟ್ ಆರಂಭದಲ್ಲೇ ಅಲ್ಲಿರಬೇಕು ಎಂದಿದ್ದಾರೆ. ಆಗ ಅಲ್ಲಿ ಬೇಸಿಗೆ ರಜೆಯಲ್ಲವೇ? ಪಾಠವೇ ಇಲ್ಲದ ತಿಂಗಳಲ್ಲಿ ಅವಳು ದಿನವಿಡೀ ಏನು ಮಾಡಬೇಕು?

ಉತ್ತರ: ಜಪಾನಿನ ಶಾಲಾ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ. ಜುಲೈ 20ರ ಆಸುಪಾಸಿನಿಂದ ಆಗಸ್ಟ್ ಕೊನೆಯವರೆಗಿನ ಬಿಡುವು ವರ್ಷಾಂತ್ಯದ ರಜೆಯಲ್ಲ, ಮೊದಲ ಮತ್ತು ಎರಡನೆಯ ಅವಧಿಗಳ ನಡುವಿನ ವಿರಾಮ. (ಚಳಿ ಹೆಚ್ಚಿರುವ ಹೊಕ್ಕೈದೋದಲ್ಲಿ ಇದು ಇನ್ನೂ ಚಿಕ್ಕದು.) ಹಾಗಾಗಿ ತರಗತಿಗಳು ನಿಂತರೂ ಶಾಲೆ ನಿಲ್ಲುವುದಿಲ್ಲ. ಶಿಕ್ಷಕರು ಬರುತ್ತಾರೆ, ಬುಕಾತ್ಸು ಎಂದು ಕರೆಯುವ ಕ್ಲಬ್ ಚಟುವಟಿಕೆಗಳು ನಡೆಯುತ್ತಲೇ ಇರುತ್ತವೆ. 1987ರಲ್ಲಿ ಆರಂಭವಾದ ಜೆಟ್ ಕಾರ್ಯಕ್ರಮದ ಬಹುತೇಕ ಹೊಸಬರು ಜುಲೈ ಕೊನೆ ಮತ್ತು ಆಗಸ್ಟ್‌ನಲ್ಲಿಯೇ ಬಂದಿಳಿಯುವುದರಿಂದ, ಅವರು ಮೊದಲು ಕಾಣುವುದು ಗಂಟೆಗೊಮ್ಮೆ ಪಾಠ ಬದಲಾಗದ ಇಂತಹ ಶಾಲೆಯನ್ನೇ.

ನಿಮ್ಮ ಮಗಳು ಸ್ಥಳೀಯ ಶಿಕ್ಷಣ ಮಂಡಳಿಯ ನೌಕರಳು. ಆದ್ದರಿಂದ ಪಾಠವಿಲ್ಲದ ದಿನವೂ ಸಾಮಾನ್ಯವಾಗಿ ಅವಳು ಶಾಲೆಗೋ ಮಂಡಳಿಯ ಕಚೇರಿಗೋ ಹೋಗಿ ಕೂರಬೇಕು, ಇಲ್ಲವೇ ನೆನ್ಕ್ಯೂ ಎಂಬ ಸಂಬಳಸಹಿತ ರಜೆಯನ್ನು ಬಳಸಬೇಕು. ಅನೇಕ ಹೊಸಬರು ಇದನ್ನು ವ್ಯರ್ಥ ಕಾಲವೆಂದು ದೂರುತ್ತಾರೆ. ಶಿಕೋಕು ದ್ವೀಪದ ಶಾಲೆಯೊಂದರಲ್ಲಿ ಇದೇ ಕೆಲಸ ಮಾಡಿದ ನಾನು ಆ ದೂರನ್ನು ಒಪ್ಪಲಾರೆ. ವರ್ಷದಲ್ಲಿ ಮಕ್ಕಳು ನಿಜವಾಗಿ ಹತ್ತಿರವಾಗುವ ತಿಂಗಳು ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ತರಗತಿಯಲ್ಲಿ ಸುಮಾರು ಮೂವತ್ತೈದು ಮಕ್ಕಳ ಎದುರು, ತಪ್ಪಾದೀತೆಂಬ ಭಯದಿಂದ ಒಂದೇ ಒಂದು ಇಂಗ್ಲಿಷ್ ವಾಕ್ಯವನ್ನೂ ಆಡದ ಹುಡುಗ, ಬೇಸ್‌ಬಾಲ್ ಅಭ್ಯಾಸದ ನಡುವೆ ನೆರಳಿನಲ್ಲಿ ನೀರು ಕುಡಿಯುತ್ತ ಕುಳಿತಾಗ ತನಗಿಷ್ಟವಾದ ಆಟಗಾರನ ಬಗ್ಗೆ ಮುರುಕು ಇಂಗ್ಲಿಷ್‌ನಲ್ಲಿಯೇ ಉತ್ಸಾಹದಿಂದ ಹೇಳುತ್ತಾನೆ. ಸೆಪ್ಟೆಂಬರ್‌ನಲ್ಲಿ ಅವನೇ ತರಗತಿಯಲ್ಲಿ ಮೊದಲು ಕೈ ಎತ್ತುತ್ತಾನೆ. ಮಗಳು ಮೇಜಿನ ಮುಂದೆಯೇ ಕೂರದೆ, ಉಪಮುಖ್ಯೋಪಾಧ್ಯಾಯರಿಗೆ ತಿಳಿಸಿ, ಕಾರಿಡಾರಿನಲ್ಲಿ ಅಭ್ಯಾಸ ಮಾಡುವ ವಾದ್ಯವೃಂದದ ಮಕ್ಕಳ ಬಳಿಗೂ ಕೆಂದೋ ಎಂಬ ಬಿದಿರಿನ ಕತ್ತಿವರಸೆ ಆಡುವವರ ಬಳಿಗೂ ಹೋಗಲಿ. ಮೂರನೆಯ ವರ್ಷದ ಮಕ್ಕಳು ಬೇಸಿಗೆಯ ಪಂದ್ಯಾವಳಿಗಳು ಮುಗಿದೊಡನೆ ಕ್ಲಬ್ ಬಿಟ್ಟು ಪ್ರೌಢಶಾಲೆಯ ಪ್ರವೇಶ ಪರೀಕ್ಷೆಗೆ ಓದಲು ತೊಡಗುತ್ತಾರೆ. ಅವರೊಡನೆ ಬೆರೆಯಲು ಸಿಗುವ ಕಾಲ ಕಡಿಮೆ.

ಇದರ ಜೊತೆಗೆ ಶರತ್ಕಾಲದ ಇಂಗ್ಲಿಷ್ ಭಾಷಣ ಸ್ಪರ್ಧೆಗೆ ಮಕ್ಕಳನ್ನು ಸಿದ್ಧಪಡಿಸುವ ಕೆಲಸ ಅವಳ ಪಾಲಿಗೆ ಬರಬಹುದು. ಉಚ್ಚಾರ ತಿದ್ದುವುದಷ್ಟೇ ಸಾಲದು, ತಾನು ಹೇಳುತ್ತಿರುವುದೇನೆಂದು ಮಗುವಿಗೆ ಅರ್ಥವಾಗಿ ಅದು ಅವನದೇ ಮಾತಾಗಬೇಕು. ಅದಕ್ಕೆ ಬೇಕಾದ ಬಿಡುವು ಆಗಸ್ಟ್‌ನಲ್ಲಿ ಮಾತ್ರ ಇರುತ್ತದೆ. 2020ರಿಂದ ಪ್ರಾಥಮಿಕ ಶಾಲೆಯ ಐದು ಮತ್ತು ಆರನೆಯ ತರಗತಿಗಳಲ್ಲಿ ಇಂಗ್ಲಿಷ್ ಪೂರ್ಣ ಪ್ರಮಾಣದ ಪಠ್ಯವಿಷಯವಾಗಿರುವುದರಿಂದ, ಮಾಧ್ಯಮಿಕ ಶಾಲೆಗೆ ನೇಮಕವಾದವರನ್ನೂ ಅಲ್ಲಿಗೆ ಕಳುಹಿಸುವುದುಂಟು. ಪರಿಚಯದ ಪಾಠವನ್ನು ಎರಡೂ ವಯಸ್ಸಿನವರಿಗೆ ಹೊಂದುವಂತೆ ಈಗಲೇ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ರಜೆಯಲ್ಲಿ ಶಾಲೆಯ ಊಟ ಇರುವುದಿಲ್ಲ, ಬುತ್ತಿ ಒಯ್ಯಬೇಕು.

ಪ್ರಶ್ನೆ: ಜಪಾನಿನ ಬೇಸಿಗೆ ಅಸಹನೀಯ ಎನ್ನುತ್ತಾರೆ. ಶಾಲೆಯಲ್ಲಿ, ಮನೆಯಲ್ಲಿ ಅದನ್ನು ಎದುರಿಸುವುದು ಹೇಗೆ?

ಉತ್ತರ: ಬಿಸಿಲಿಗಿಂತ ತೇವಾಂಶ ಹೆಚ್ಚು ಕಾಡುತ್ತದೆ. ಜೂನ್‌ನ ಮಳೆಗಾಲ ಜುಲೈ ಮಧ್ಯದ ಹೊತ್ತಿಗೆ ಹಿಂದೆ ಸರಿದ ಮೇಲೆ, ಹಗಲು 35 ಡಿಗ್ರಿ ದಾಟುವ, ರಾತ್ರಿಯೂ 25 ಡಿಗ್ರಿಗಿಂತ ಕೆಳಗಿಳಿಯದ ದಿನಗಳು ಸಾಲಾಗಿ ಬರುತ್ತವೆ. 2018ರ ಜುಲೈನಲ್ಲಿ ಸೈತಾಮಾ ಪ್ರಾಂತದ ಕುಮಗಾಯಾದಲ್ಲಿ ಉಷ್ಣತೆ 41.1 ಡಿಗ್ರಿ ಮುಟ್ಟಿತ್ತು. ಆ ಬೇಸಿಗೆಯ ನಂತರವೇ ಸರ್ಕಾರಿ ಶಾಲೆಗಳ ತರಗತಿ ಕೋಣೆಗಳಿಗೆ ಹವಾನಿಯಂತ್ರಣ ಅಳವಡಿಸುವ ಕೆಲಸ ವೇಗ ಪಡೆಯಿತು, ಆದರೆ ವ್ಯಾಯಾಮ ಮಂದಿರಗಳು ಇಂದಿಗೂ ಅನೇಕ ಕಡೆ ಕುದಿಯುತ್ತಲೇ ಇವೆ. ಅವಧಿ ಆರಂಭದ ಸಭೆ ನಡೆಯುವುದೂ ಅಲ್ಲಿಯೇ ಆದ್ದರಿಂದ ಹೊಸ ಶಿಕ್ಷಕರು ಸ್ವಾಗತ ಭಾಷಣಕ್ಕೆ ತೆಳುವಾದ ಉಡುಪನ್ನೇ ಆರಿಸಿಕೊಳ್ಳಬೇಕು. 2005ರಲ್ಲಿ ಪರಿಸರ ಸಚಿವಾಲಯ ಆರಂಭಿಸಿದ ಕೂಲ್ ಬಿಜ್ ಅಭಿಯಾನದಿಂದಾಗಿ ಬೇಸಿಗೆಯಲ್ಲಿ ಟೈ ಮತ್ತು ಕೋಟು ಇಲ್ಲದಿರುವುದು ಕಚೇರಿಗಳಲ್ಲಿ ಅಗೌರವವೆನಿಸುವುದಿಲ್ಲ.

ಉಷ್ಣಾಘಾತದ ಎಚ್ಚರಿಕೆಯನ್ನು 2021ರಿಂದ ದೇಶದಾದ್ಯಂತ ಪ್ರಕಟಿಸುತ್ತಿದ್ದಾರೆ. ಉಷ್ಣತೆ, ತೇವಾಂಶ ಮತ್ತು ಬಿಸಿಲಿನ ತಾಪಗಳನ್ನು ಕೂಡಿಸಿ ಲೆಕ್ಕ ಹಾಕುವ ಸೂಚ್ಯಂಕ 31 ತಲುಪಿದರೆ ವ್ಯಾಯಾಮವನ್ನು ನಿಲ್ಲಿಸಬೇಕೆಂಬುದು ಅಲ್ಲಿನ ಮಾರ್ಗಸೂಚಿ. ಮಕ್ಕಳು ಆಡುತ್ತಿದ್ದಾರೆಂದು ಸಂಕೋಚದಿಂದ ಬಿಸಿಲಿನಲ್ಲಿ ನಿಲ್ಲಬೇಕಾಗಿಲ್ಲ. ಎಲ್ಲರೂ ಕುಡಿಯುವ ಮುಗಿಚಾ, ಅಂದರೆ ಹುರಿದ ಬಾರ್ಲಿಯ ತಣ್ಣನೆಯ ಕಷಾಯ, ಕೆಫೀನ್ ಇಲ್ಲದ್ದು. ಅದರ ಫ್ಲಾಸ್ಕ್ ಸದಾ ಜೊತೆಗಿರಲಿ.

ಬಾಡಿಗೆ ಮನೆಯಲ್ಲಿ ತತಾಮಿ ಚಾಪೆಯ ಕೋಣೆ ಇದ್ದರೆ ಶಿಲೀಂಧ್ರದ ಬಗ್ಗೆ ಜಾಗ್ರತೆ ಬೇಕು. ಫ್ಯುಟಾನ್ ಹಾಸಿಗೆಯನ್ನು ದಿನವೂ ಎತ್ತಿ ಗಾಳಿಗೆ ಹರಡಬೇಕು, ಬೀರುವಿನಲ್ಲಿ ತೇವ ಹೀರುವ ಡಬ್ಬಿಗಳನ್ನು ಇಡಬೇಕು, ಊರಿಗೆ ಹೋಗುವಾಗ ಕೋಣೆಯನ್ನು ಪೂರ್ತಿ ಮುಚ್ಚಿ ವಾರಗಟ್ಟಲೆ ಬಿಡಬಾರದು.

ಪ್ರಶ್ನೆ: ಪಾಠವಿಲ್ಲದ ಆಗಸ್ಟ್‌ನಲ್ಲಿ ಸಂಬಳ ಬರುತ್ತದೆಯೇ?

ಉತ್ತರ: ಜೆಟ್ ಶಿಕ್ಷಕರಿಗೆ ಪೂರ್ತಿ ಬರುತ್ತದೆ. ಖಾಸಗಿ ಸಂಸ್ಥೆಗಳ ಮೂಲಕ ಶಾಲೆಗೆ ಹೋಗುವವರ ಒಪ್ಪಂದಗಳಲ್ಲಿ ಮಾತ್ರ ಆಗಸ್ಟ್‌ನ ಸಂಬಳ ಕಡಿತಗೊಳ್ಳುವುದುಂಟು. ಸಹಿ ಹಾಕುವ ಮೊದಲು ಆ ಸಾಲನ್ನು ಹುಡುಕಿ ಓದಲೇಬೇಕು.

ಪ್ರಶ್ನೆ: ಸಸ್ಯಾಹಾರಿಯೊಬ್ಬಳು ಅಲ್ಲಿನ ಬೇಸಿಗೆಯ ಊಟ ಮತ್ತು ಹಬ್ಬಗಳಲ್ಲಿ ಪಾಲ್ಗೊಳ್ಳಲು ಸಾಧ್ಯವೇ?

ಉತ್ತರ: ಸಾಧ್ಯ, ಆದರೆ ಕೇಳಿ ತಿಳಿಯಬೇಕು. ತಣ್ಣೀರಿನಲ್ಲಿ ತೇಲಿಸಿ ಕೊಡುವ ಸೋಮೆನ್ ಶಾವಿಗೆ ಗೋಧಿಯದೇ ಆದರೂ ಅದನ್ನು ಅದ್ದಿ ತಿನ್ನುವ ರಸದಲ್ಲಿ ಸಾಮಾನ್ಯವಾಗಿ ಒಣಗಿಸಿದ ಬೊನಿಟೊ ಮೀನಿನ ಸಾರವಿರುತ್ತದೆ. ಕೊಂಬು ಎಂಬ ಕಡಲಪಾಚಿ ಮತ್ತು ಶಿಟಾಕೆ ಅಣಬೆಯಿಂದ ಮನೆಯಲ್ಲೇ ರಸ ಮಾಡಿಕೊಂಡರೆ ರುಚಿಗೆ ಕೊರತೆಯಾಗದು. ಎದಾಮಾಮೆ ಎಂಬ ಬೇಯಿಸಿದ ಎಳೆಯ ಸೋಯಾ ಕಾಯಿ, ತಣ್ಣನೆಯ ತೋಫು, ಕಾಕಿಗೋರಿ ಎಂಬ ಮಂಜಿನ ಪುಡಿಯ ಸಿಹಿ ಎಲ್ಲೆಡೆ ದೊರೆಯುತ್ತವೆ. ತೋಫುವಿನ ಮೇಲೆ ಮೀನಿನ ಚೂರು ಉದುರಿಸಬೇಡಿ ಎಂದು ಮೊದಲೇ ಹೇಳಬೇಕು.

ಹಿರಿಯರ ಆತ್ಮಗಳನ್ನು ಮನೆಗೆ ಬರಮಾಡಿಕೊಳ್ಳುವ ಓಬೊನ್ ಹೆಚ್ಚಿನ ಕಡೆ ಆಗಸ್ಟ್ 13ರಿಂದ 16ರವರೆಗೆ ಬರುತ್ತದೆ. ಆಗ ಬಹಳ ಶಾಲೆಗಳು ಕೆಲವು ದಿನ ಪೂರ್ತಿ ಮುಚ್ಚುತ್ತವೆ, ಶಿಂಕಾನ್ಸೆನ್ ಎಂಬ ಅತಿವೇಗದ ರೈಲುಗಳು ತುಂಬಿ ತುಳುಕುತ್ತವೆ, ಆದ್ದರಿಂದ ದೂರದ ಪ್ರವಾಸವನ್ನು ಬೇರೆ ವಾರಕ್ಕೆ ಇಟ್ಟುಕೊಂಡು ಆ ದಿನಗಳಲ್ಲಿ ಊರಿನಲ್ಲೇ ಉಳಿಯುವುದು ಲೇಸು. ತೊಕುಶಿಮಾದ ಅವಾ ಓದೊರಿ ಆಗಸ್ಟ್ 12ರಿಂದ 15ರವರೆಗೆ ನಡೆಯುವ ದೊಡ್ಡ ನೃತ್ಯೋತ್ಸವ. ಆದರೂ ನನಗೆ ಪ್ರಿಯವಾದುದು ಬಡಾವಣೆಗಳ ಬಯಲಿನಲ್ಲಿ ಮರದ ಅಟ್ಟದ ಸುತ್ತ ನಡೆಯುವ ಬೊನ್ ಓದೊರಿ ಎಂಬ ಓಬೊನ್ ಕುಣಿತ. ಮುಂದಿರುವ ಅಜ್ಜಿಯ ಕೈಗಳನ್ನು ನೋಡಿ ಹೆಜ್ಜೆ ಹಾಕಿದರೆ ಸಾಕು, ಯಾರೂ ತಡೆಯುವುದಿಲ್ಲ. ಯುಕಾತಾ ಎಂಬ ಬೇಸಿಗೆಯ ತೆಳು ಹತ್ತಿ ಕಿಮೋನೊ ಉಟ್ಟ ವಿದ್ಯಾರ್ಥಿಗಳು ಗುರುತಿಸಿ ಕೂಗಿ ಕರೆಯುತ್ತಾರೆ.

ರಜೆ ಹಾಕಿ ಹೊರಗೆ ಹೋಗಿ ಬಂದವರು ಸಿಬ್ಬಂದಿ ಕೋಣೆಗೆ ಸಿಹಿ ತರುವುದು ಅಲ್ಲಿನ ವಾಡಿಕೆ. ಒಂದೊಂದೂ ಬೇರೆಬೇರೆಯಾಗಿ ಸುತ್ತಿದ ಪೊಟ್ಟಣವನ್ನೇ ಕೊಳ್ಳಲಿ, ಎಷ್ಟು ಜನರಿದ್ದಾರೆಂದು ಮೊದಲೇ ಎಣಿಸಿಕೊಳ್ಳಲಿ. ಕಚೇರಿಯ ಗುಮಾಸ್ತರನ್ನೂ ಆರೋಗ್ಯ ಕೋಣೆಯ ಶಿಕ್ಷಕಿಯನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಳ್ಳಲಿ.