ಲೈಕಾ ವಾಪಸ್ ಬಂತು ಅಂತ ಮಗಳಿಗೆ ಸುಳ್ಳು ಹೇಳಿಬಿಟ್ಟೆ

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ಎರಡು ವರ್ಷದಿಂದ ವಿಮಾನ, ರಾಕೆಟ್ ಬಿಟ್ರೆ ಬೇರೆ ಮಾತೇ ಇಲ್ಲ, ರೈಟ್ ಸಹೋದರರು, ಬಾಹ್ಯಾಕಾಶಕ್ಕೆ ಮೊದಲು ಹೋಗಿಬಂದ ಗಗಾರಿನ್ ಎಲ್ಲಾ ಅವಳಿಗೆ ಪಕ್ಕದ್ಮನೆಯವರ ಥರ. ವಾಷಿಂಗ್ ಮಷಿನ್ ಬಂದ ರಟ್ಟಿನ ಡಬ್ಬದಲ್ಲಿ ರಾಕೆಟ್ ಮಾಡಿ, ಅದ್ರೊಳಗೆ ಬೊಂಬೆ ನಾಯಿ ಕೂರಿಸಿ ಲೈಕಾ ಅಂತ, ಹಿಂದೆ ರಷ್ಯಾದವರು ಬಾಹ್ಯಾಕಾಶಕ್ಕೆ ಕಳಿಸಿದ್ದ ನಾಯಿ ಹೆಸರಿಟ್ಟಿದ್ಲು. ಒಂದು ರಾತ್ರಿ “ನಿಜವಾದ ಲೈಕಾ ವಾಪಸ್ ಬಂತಾ ಅಮ್ಮಾ” ಅಂತ ಕೇಳಿದ್ಲು. ಮಲಗೋ ಹೊತ್ತಲ್ಲಿ ಯಾಕೆ ಅಳಿಸೋದು ಅಂತ “ಹೂಂ, ಬಂತು” ಅಂದ್ಬಿಟ್ಟೆ. ಹೋದ ವಾರ ಲೈಬ್ರರಿ ಪುಸ್ತಕದಲ್ಲಿ ನಿಜ ಓದಿದಾಳೆ. ಮೂರು ದಿನದಿಂದ ನನ್ನ ಹತ್ರ ಸರಿಯಾಗಿ ಮಾತಿಲ್ಲ, ಬೊಂಬೆನ ಡಬ್ಬದಿಂದ ತೆಗೆದು ದಿಂಬಿನ ಕೆಳಗೆ ಇಟ್ಕೊಂಡಿದಾಳೆ. ಆದ್ರೆ ಡಬ್ಬ ಬಿಟ್ಟಿಲ್ಲ, ಮೇಲ್ಗಡೆ ಅಪ್ಪನ ಕರ್ಚೀಫಿಗೆ ದಾರ ಕಟ್ಟಿ ಏನೋ ಅಂಟಿಸಿದಾಳೆ. ನಮ್ಮನೆಯವರು “ಈ ಹುಚ್ಚಿಗೆ ಇಷ್ಟೊಂದು ಅಳು ಬೇರೆ, ಡಬ್ಬ ಎಸೆದುಬಿಡು, ಮರೀತಾಳೆ” ಅಂತಿದಾರೆ. ಏನು ಮಾಡ್ಲಿ?

ಉತ್ತರ: ಮೊದಲು ಡಬ್ಬ ಎಸೀಬೇಡಿ ಮೇಡಂ. ಎಸೆದ್ರೆ ಅವಳ ಲೆಕ್ಕ ಹೀಗಿರುತ್ತೆ, ಸುಳ್ಳು ಹೇಳಿದ್ದು ಅಮ್ಮ, ಶಿಕ್ಷೆ ಮಾತ್ರ ನಂಗೆ.

ಇನ್ನು ಆ ಸುಳ್ಳಿನ ವಿಷಯ. ನಾನೂ ಒಂದ್ಸಲ ಸತ್ತ ಮೀನು ತೆಗೆದು ಅದೇ ಬಣ್ಣದ ಇನ್ನೊಂದು ಮೀನು ತಂದು ಬಿಟ್ಟು ಮಗನ ಕೈಲಿ ಸಿಕ್ಕಾಕ್ಕೊಂಡವಳು, ಹಾಗಾಗಿ ನಿಮ್ಮನ್ನ ಬೈಯೋ ಯೋಗ್ಯತೆ ನಂಗಿಲ್ಲ. ಅದಕ್ಕಿಂತ ದೊಡ್ಡ ಮಾತು, ಲೈಕಾ ಬಗ್ಗೆ ನಿಜ ಮುಚ್ಚಿಟ್ಟವರಲ್ಲಿ ನೀವು ಮೊದಲನೆಯವರಲ್ಲ. ಮಾಸ್ಕೋ ಬೀದೀಲಿ ತಿರುಗ್ತಿದ್ದ ನಾಯಿ ಅದು. 1957ರ ಅಕ್ಟೋಬರ್ 4ಕ್ಕೆ ರಷ್ಯಾದವರ ಮೊದಲ ಉಪಗ್ರಹ ಸ್ಪುಟ್ನಿಕ್ ಹೋಯ್ತಾ, ಅದಾಗಿ ಒಂದು ತಿಂಗಳೂ ತುಂಬಿರ್ಲಿಲ್ಲ, ನವೆಂಬರ್ 3ಕ್ಕೆ ಸ್ಪುಟ್ನಿಕ್-2ರಲ್ಲಿ ಲೈಕಾನ ಕಳಿಸಿಬಿಟ್ರು, ರಷ್ಯಾ ಕ್ರಾಂತಿಯ ವಾರ್ಷಿಕೋತ್ಸವದ ಅವಸರ ಅವರಿಗೆ. ವಾಪಸ್ ಕರ್ಕೊಂಡು ಬರೋ ವ್ಯವಸ್ಥೆನೇ ಅದ್ರಲ್ಲಿ ಇರ್ಲಿಲ್ಲ, ಕಳಿಸೋರಿಗೂ ಅದು ಗೊತ್ತಿತ್ತು. ಹೊರಡೋಕೆ ಮುಂಚೆ ಅಲ್ಲಿನ ಒಬ್ಬ ವಿಜ್ಞಾನಿ ಲೈಕಾನ ಮನೆಗೆ ಕರ್ಕೊಂಡೋಗಿ ತನ್ನ ಮಕ್ಕಳ ಜೊತೆ ಆಡೋಕೆ ಬಿಟ್ಟಿದ್ರಂತೆ. ಆಮೇಲೆ ಎಷ್ಟೋ ವರ್ಷ ಅದು ಹಲವು ದಿನ ಬದುಕಿತ್ತು, ನೋವಿಲ್ಲದೆ ಹೋಯ್ತು ಅನ್ನೋ ಥರದ ಕಥೆಗಳೇ ಓಡಾಡ್ತಿದ್ವು. ಒಳಗೆ ಶಾಖ ಏರಿ ಕೆಲವೇ ಗಂಟೆಯಲ್ಲಿ ಪ್ರಾಣ ಹೋಗಿತ್ತು ಅಂತ ಜಗತ್ತಿಗೆ ಗೊತ್ತಾಗಿದ್ದು 2002ರಲ್ಲಿ. ಆ ನಾಯಿಗಳಿಗೆ ತರಬೇತಿ ಕೊಟ್ಟವರಲ್ಲಿ ಒಬ್ಬರಾದ ಒಲೆಗ್ ಗಜೆಂಕೊ ವಯಸ್ಸಾದ ಮೇಲೆ, ಆ ಸಾವಿಗೆ ತಕ್ಕಷ್ಟು ನಾವೇನೂ ಕಲೀಲಿಲ್ಲ ಅಂತ ಬಾಯ್ಬಿಟ್ಟು ಹೇಳ್ಕೊಂಡು ನೊಂದ್ಕೊಂಡ್ರು.

ಇದನ್ನ ಮಗಳಿಗೆ ಹೇಳಿ. ಆದ್ರೆ ಇದ್ರಿಂದ ಶುರು ಮಾಡ್ಬೇಡಿ, ನಿಮ್ಮಿಂದ ಶುರು ಮಾಡಿ. “ನೀನು ಕೇಳ್ದಾಗ ನಂಗೆ ನಿಜ ಗೊತ್ತಿತ್ತು, ನೀನು ಅಳ್ತೀಯ ಅಂತ ಹೆದ್ರಿ ಸುಳ್ಳು ಹೇಳ್ದೆ, ತಪ್ಪಾಯ್ತು” ಅಂತ ಅಷ್ಟೇ, “ನಿನ್ನ ಒಳ್ಳೇದಕ್ಕೇ ಕಣೇ” ಅಂತ ಬಾಲ ಅಂಟಿಸ್ಬೇಡಿ, ಆ ಬಾಲದಲ್ಲೇ ಎಲ್ಲಾ ಕೆಟ್ಟೋಗೋದು. ಅವಳು ತಕ್ಷಣ ಕರಗ್ದೆ ಇರ್ಬಹುದು, ಇರ್ಲಿ, ಅವಳ ಕೋಪಕ್ಕೂ ಎರಡು ದಿನ ರಜೆ ಬೇಕು. “ಅದಕ್ಕೆ ಭಯ ಆಗಿತ್ತಾ” ಅಂತ ಕೇಳೇ ಕೇಳ್ತಾಳೆ. ಹೌದು ಅನ್ನಿ, ಮೇಲೆ ಹೋಗುವಾಗ ಅದರ ಎದೆಬಡಿತ ಮಾಮೂಲಿಗಿಂತ ಎರಡು ಪಟ್ಟು ದಾಟಿತ್ತು, ಶಾಂತ ಆಗೋಕೆ ತುಂಬಾ ಹೊತ್ತು ಹಿಡೀತು. ಅತ್ರೆ ಅಳ್ಲಿ, ಪಕ್ಕದಲ್ಲಿ ಕೂತಿರಿ.

ಈಗ ಆ ಕರ್ಚೀಫ್. ನಿಮ್ಮ ಪತ್ರ ಓದ್ತಾ ನಾನು ಅಲ್ಲೇ ನಿಂತ್ಬಿಟ್ಟೆ. ಅದು “ಏನೋ” ಅಲ್ಲ ರೀ, ಪ್ಯಾರಾಶೂಟ್! ಸ್ಪುಟ್ನಿಕ್-2ರಲ್ಲಿ ಏನಿರ್ಲಿಲ್ವೋ ಅದನ್ನೇ ನಿಮ್ಮ ಮಗಳು ಕಟ್ಟಿದಾಳೆ. ಬೊಂಬೆನ ದಿಂಬಿನ ಕೆಳಗೆ ಇಟ್ಕೊಂಡಿರೋದು ದುಃಖಕ್ಕೆ ಮಾತ್ರ ಅಲ್ಲ, ಇಳಿಸೋ ದಾರಿ ಸಿಗೋ ತನಕ ಕಳ್ಸಲ್ಲ ಅಂತ ಇರ್ಬೇಕು ಅಂತ ನನ್ನ ಅನುಮಾನ. ದೊಡ್ಡವರೂ ಕೊನೆಗೆ ಅದನ್ನೇ ಮಾಡಿದ್ದು. 1960ರ ಆಗಸ್ಟ್ 19ಕ್ಕೆ ಬೆಲ್ಕಾ, ಸ್ಟ್ರೆಲ್ಕಾ ಅಂತ ಎರಡು ನಾಯಿ ಹೋದ್ವು, ಮಾರನೇ ದಿನ ಪ್ಯಾರಾಶೂಟಲ್ಲಿ ಜೀವಂತ ಇಳಿದ್ವು. ಸ್ಟ್ರೆಲ್ಕಾ ಆಮೇಲೆ ಆರು ಮರಿ ಹಾಕ್ತು, ಅದ್ರಲ್ಲಿ ಪುಷಿಂಕಾ ಅನ್ನೋ ಮರಿ ಅಮೆರಿಕದ ಅಧ್ಯಕ್ಷ ಕೆನಡಿ ಮನೆಗೆ ಉಡುಗೊರೆಯಾಗಿ ಹೋಯ್ತು. ಮುಂದಿನ ವರ್ಷ ಏಪ್ರಿಲ್ 12ಕ್ಕೆ ಗಗಾರಿನ್ 108 ನಿಮಿಷದಲ್ಲಿ ಹೋಗಿ ಬಂದ. ಇದನ್ನ ಲೈಕಾ ಕಥೆಗೆ ಮುಲಾಮು ಥರ ತಕ್ಷಣ ಹಚ್ಚೋಕೆ ಹೋಗ್ಬೇಡಿ, ಬೇರೆ ದಿನ ಹೇಳಿ.

ಅವಳು ಒಪ್ಪಿದ್ರೆ ಕರ್ಚೀಫ್ ಕೆಲಸಕ್ಕೆ ಕೂತ್ಕೊಳ್ಳಿ. ನಾಲ್ಕು ಮೂಲೆಗೂ ಒಂದೇ ಉದ್ದದ ದಾರ, ಒಂದು ಗಿಡ್ಡ ಆದ್ರೂ ಒಂದು ಕಡೆ ವಾಲುತ್ತೆ. ಬೀಳುವಾಗ ಉಯ್ಯಾಲೆ ಥರ ತೂಗಾಡಿದ್ರೆ ಬಟ್ಟೆ ನಡುವೆ ಸಣ್ಣ ತೂತು ಮಾಡಿ, ಒಳಗೆ ಸಿಕ್ಕಾಕ್ಕೊಂಡ ಗಾಳಿ ಅಂಚಿಂದ ತಳ್ಕೊಂಡು ಬರೋ ಬದ್ಲು ಅಲ್ಲಿಂದ ಹೋಗುತ್ತೆ, ನೆಟ್ಟಗೆ ಇಳಿಯುತ್ತೆ. ಈ ತೂತು ಮಾತ್ರ ನೀವಾಗೇ ಮೊದ್ಲೇ ಹೇಳ್ಬೇಡಿ, ನಾಲ್ಕು ಸಲ ತೂಗಾಡ್ಲಿ, ಅವಳೇ ಮುಖ ಸಿಂಡರಿಸ್ಕೊಂಡು ಕೇಳ್ತಾಳೆ. ಎತ್ತರದಿಂದ ಬಿಡುವಾಗ ನೀವು ಜೊತೇಲಿರಿ, ಮತ್ತೆ ಬೀಳ್ಬೇಕಾದ್ದು ಬೊಂಬೆ, ಅವಳಲ್ಲ ಅಂತ ಗಟ್ಟಿಯಾಗಿ ಹೇಳಿ. ಈ ವಯಸ್ಸಿನ ವಿಮಾನದ ಹುಚ್ಚರಿಗೆ ಬೆಡ್‌ಶೀಟ್ ಕಂಡ್ರೂ ರೆಕ್ಕೆ ಅನ್ಸುತ್ತೆ.

ನಿಮ್ಮನೆಯವರಿಗೂ ಒಂದು ಮಾತು. ಅಳು ಬಂದ್ರೆ ಹುಚ್ಚು ಬಿಡುತ್ತೆ ಅನ್ನೋದು ಸುಳ್ಳು ಸಾರ್. ಎಂಜಿನ್ ಇಲ್ಲದೆ ತೇಲೋ ಗ್ಲೈಡರಲ್ಲಿ ಎರಡು ಸಾವಿರದಷ್ಟು ಸಲ ತೇಲಿದ್ದ ಒಟ್ಟೊ ಲಿಲಿಯೆಂಥಾಲ್ 1896ರಲ್ಲಿ ಬಿದ್ದು ಸತ್ತ, ಆ ಸುದ್ದಿ ಓದಿದ ಮೇಲೇನೇ ಸೈಕಲ್ ಅಂಗಡಿ ಇಟ್ಕೊಂಡಿದ್ದ ರೈಟ್ ಸಹೋದರರಿಗೆ ಹಾರಾಟದ ಆಸೆ ಮತ್ತೆ ಕೆದಕಿದ್ದು. ಚಿಕ್ಕವರಿದ್ದಾಗ 1878ರಲ್ಲಿ ಅವರಪ್ಪ ರಬ್ಬರ್ ಬ್ಯಾಂಡಿನಿಂದ ಹಾರೋ ಆಟಿಕೆ ತಂದ್ಕೊಟ್ಟಿದ್ರು, ಅದು ಮುರಿಯೋ ತನಕ ಆಡಿ ಆಮೇಲೆ ತಾವೇ ಮಾಡ್ಕೊಂಡ್ರು. ಇದನ್ನ ಕೇಳಿ ನಾಳೆನೇ ಅವಳನ್ನ ಗಗನಯಾತ್ರಿ ಮಾಡೋ ಕ್ಲಾಸು ಹುಡುಕ್ಬೇಡಿ ಮತ್ತೆ, ಅದು ಡಬ್ಬ ಎಸೆಯೋದಕ್ಕಿಂತ ಕೆಟ್ಟ ಕೆಲಸ. ಇನ್ನೊಂದು ಕರ್ಚೀಫ್ ಕೊಡಿ, ಸಾಕು.

ಬೊಂಬೆನ ಮಾತ್ರ ನೀವಾಗೇ ತೆಗೆದು ರಾಕೆಟಲ್ಲಿ ಕೂರಿಸ್ಬೇಡಿ. ಅದು ಯಾವಾಗ ಹೊರಡ್ಬೇಕು ಅಂತ ಹೇಳೋಳು ಅವಳು.