‘ಹಾಲಿನ ಪ್ಲಾಸ್ಟಿಕ್’ ಲೇಖನ: ಈಗಿರುವ ಹಾಗೆ ಏಕೆ ಹಾಕಲಾಗದು

ನಮಸ್ಕಾರ,

ಹಾಲಿನ ಮುಖ್ಯ ಪ್ರೋಟೀನ್ ಆದ ಕೇಸೀನ್‌ನಿಂದ ಪ್ಲಾಸ್ಟಿಕ್ ಮಾಡುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಭಾಷೆ ಹಿಡಿತದಲ್ಲಿದೆ, ವಿಷಯ ಹಿಡಿತಕ್ಕೆ ಸಿಕ್ಕಿಲ್ಲ. ವಿನಿಗರ್ ಹಾಕಿ ಮನೆಯಲ್ಲಿ ಮಾಡುವ ಬಿಲ್ಲೆ, ಹಳೆಯ ಗ್ಯಾಲಲಿತ್ (ಕೇಸೀನ್‌ನಿಂದ ಮಾಡುತ್ತಿದ್ದ ಗಟ್ಟಿ ಪ್ಲಾಸ್ಟಿಕ್) ಅಂಗಿಗುಂಡಿ, ಆಹಾರ ಸುತ್ತುವ ತೆಳು ಫಿಲ್ಮ್ ಮೂರನ್ನೂ ಕಲಸಿಬಿಟ್ಟಿದ್ದೀರಿ. ‘ಗಟ್ಟಿ, ತಿನ್ನಬಹುದು, ಮಣ್ಣಲ್ಲಿ ಬೇಗ ಕೊಳೆಯುತ್ತದೆ’ ಎಂದು ಒಂದೇ ಉಸಿರಿನಲ್ಲಿ ಬರೆದಿರುವುದು ಅದರಿಂದಲೇ. ಈ ಮೂರು ಗುಣ ಒಂದೇ ವಸ್ತುವಿನಲ್ಲಿ ಒಟ್ಟಿಗೆ ಸಿಗುವುದಿಲ್ಲ.

‘ಬಿಸಿ ಹಾಲಿಗೆ ಸ್ವಲ್ಪ ವಿನಿಗರ್’ ಎಂದರೆ ಓದುಗ ಏನು ಮಾಡಬೇಕು? ಕೆನೆ ತೆಗೆದ ಹಾಲು 250 ಮಿ.ಲೀ., ವಿನಿಗರ್ 20 ಮಿ.ಲೀ. ಎಂದು ಬರೆಯಿರಿ. ಹಾಲು ಚೆನ್ನಾಗಿ ಬಿಸಿಯಾಗಿರಬೇಕು, ಕುದಿಯಬಾರದು. ಹುಳಿಯ ಅಳತೆಯಾದ ಪಿಎಚ್ 4.6ರ ಹತ್ತಿರ ಬಂದಾಗ ಕೇಸೀನ್ ಕಣಗಳು ಒಂದನ್ನೊಂದು ದೂಡುವುದನ್ನು ಬಿಟ್ಟು ಗಂಟುಕಟ್ಟುತ್ತವೆ. ಈ ಕಾರಣ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಕೊಬ್ಬಿರುವ ಹಾಲಾದರೆ ಬಿಲ್ಲೆ ಪುಡಿಪುಡಿಯಾಗುತ್ತದೆ. ಒಡೆದ ಹಾಲನ್ನು ಸೋಸಿದ ಮೇಲೆ ನೀರಲ್ಲಿ ತೊಳೆಯದಿದ್ದರೆ ಉಳಿದ ಹಾಲಿನ ಸಕ್ಕರೆಗೆ ಬೂಸ್ಟು ಹಿಡಿಯುತ್ತದೆ. ಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಒಣಗಿ ಕುಗ್ಗುತ್ತದೆ, ಒಳಗಿನ್ನೂ ಹಸಿ, ಹಾಗಾಗಿ ಬಿರುಕು. 3–4 ಮಿ.ಮೀ. ದಪ್ಪಕ್ಕೆ ತಟ್ಟಿ, ಬಟ್ಟೆ ಮುಚ್ಚಿ, ಆಗಾಗ ಮಗುಚುತ್ತ ನೆರಳಲ್ಲಿ ಒಣಗಿಸಬೇಕು.

ಇಷ್ಟೆಲ್ಲ ಮಾಡಿ ಕೈಗೆ ಬರುವ ಕೇಸೀನ್ ಏಳು ಗ್ರಾಂ ಆಸುಪಾಸು. ಒಂದು ಕಿಲೋಗೆ 36ರಿಂದ 40 ಲೀಟರ್ ಹಾಲು! ಹಸು, ಮೇವು, ನೀರು ಎಲ್ಲ ಈ ಲೆಕ್ಕದಲ್ಲೇ ಬರಬೇಕು. ಕೆಟ್ಟ ಹಾಲು ಬಳಸಿದರಾಯಿತು ಎನ್ನುತ್ತೀರಿ. ಸೂಕ್ಷ್ಮಾಣುಗಳು ಪ್ರೋಟೀನನ್ನು ಆಗಲೇ ಕಡಿದುಹಾಕಿದ್ದರೆ ಸಿಗುವ ವಸ್ತು ದುರ್ಬಲ.

ಗ್ಯಾಲಲಿತ್ ಬೇರೆಯೇ ದಾರಿ. 1899ರಲ್ಲಿ ಜರ್ಮನಿಯ ಕ್ರಿಷೆ ಮತ್ತು ಸ್ಪಿಟ್ಟೆಲರ್ ಪೇಟೆಂಟ್ ಪಡೆದ ಆ ವಸ್ತುವಿಗೆ ಮುಖ್ಯವಾಗಿ ಬಳಕೆಯಾದದ್ದು ರೆನೆಟ್‌ನಿಂದ (ಚೀಸ್ ಮಾಡಲು ಹಾಲು ಒಡೆಸುವ ಕಿಣ್ವ) ಒಡೆಸಿದ ಕೇಸೀನ್. ಅದನ್ನು ಫಾರ್ಮಾಲ್ಡಿಹೈಡ್ ದ್ರಾವಣದಲ್ಲಿ ನೆನೆಸಿ ಗಟ್ಟಿ ಮಾಡುತ್ತಿದ್ದರು. ಹಾಳೆ ದಪ್ಪವಾದಷ್ಟೂ ವಾರಗಳು, ತಿಂಗಳುಗಳು. ಪ್ರೋಟೀನ್ ಎಳೆಗಳು ಒಮ್ಮೆ ಬೆಸೆದುಕೊಂಡ ಮೇಲೆ ಅದು ಕಾಯಿಸಿದರೂ ಕರಗುವುದಿಲ್ಲ, ಕೊರೆದು ಕಡೆದೇ ಗುಂಡಿ ಮಾಡಬೇಕು. ಆದ್ದರಿಂದ ‘ಕರಗಿಸಿ ಮರುಬಳಕೆ’ ಎಂಬ ಪ್ಯಾರಾ ಪೂರ್ತಿ ಹೊಡೆದುಹಾಕಿ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ, ಆ ಮಾತು ಬಿಟ್ಟು ಈ ಭಾಗವನ್ನು ನಾವು ಅಚ್ಚುಹಾಕುವುದಿಲ್ಲ. ಹೀಗೆ ಗಟ್ಟಿಯಾದದ್ದೂ ನೀರು ಹೀರಿ ಉಬ್ಬುತ್ತದೆ, ಗುಂಡಿಗೆ ನಡೆಯುತ್ತದೆ, ಲೋಟಕ್ಕೆ ನಡೆಯದು.

ನಿಮ್ಮ ಲೇಖನದ ನಿಜವಾದ ಜೀವ ಫಿಲ್ಮ್‌ನಲ್ಲಿದೆ, ಅದಕ್ಕೆ ಕೊಟ್ಟಿರುವುದು ನಾಲ್ಕೇ ಸಾಲು. ಒಣ ಹವೆಯಲ್ಲಿ ಅದು ಆಮ್ಲಜನಕವನ್ನು ಪಾಲಿಥೀನ್‌ಗಿಂತ ಬಹಳ ಚೆನ್ನಾಗಿ ತಡೆಯುತ್ತದೆ. ತೇವ ಏರಿದರೆ ಆ ಗುಣ ಕುಸಿಯುತ್ತದೆ, ನೀರಾವಿಯನ್ನಂತೂ ತಡೆಯುವುದೇ ಇಲ್ಲ ಎನ್ನಬಹುದು. ಫಿಲ್ಮ್ ಬಾಗುವಂತೆ ಮಾಡುವ ಗ್ಲಿಸರಾಲ್ ಇಲ್ಲದಿದ್ದರೆ ಮಡಿಸುವಾಗ ಚಟ್ಟನೆ ಮುರಿಯುತ್ತದೆ, ಹೆಚ್ಚಾದರೆ ಕೈಗಂಟುತ್ತದೆ. ಹಾಲಿನ ಅಲರ್ಜಿ ಇರುವವರಿಗೆ ಪೊಟ್ಟಣದ ಮೇಲೆ ಎಚ್ಚರಿಕೆ ಬೇಕು.

ಫಿಲ್ಮ್ ಒಂದನ್ನೇ ಹಿಡಿದು, ಯಾವ ಒಣ ಪದಾರ್ಥಕ್ಕೆ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಬರೆದು ಮತ್ತೆ ಕಳಿಸಿ. ಗ್ಯಾಲಲಿತ್‌ಗೆ ಒಂದು ಪ್ಯಾರಾ ಸಾಕು.

— ಸಂಪಾದಕರು