ಗ್ರೀನ್ ಕಾರ್ಡ್ ಇದೆ, ಟೆಕ್ಸಾಸ್‌ನಲ್ಲಿ ತರಬೇತಿ ಮುಗಿಸಿ ಎಲ್‌ಟಿಸಿಗೆ, ಅಂದರೆ ಕೈಬಂದೂಕು ಇಟ್ಟುಕೊಂಡು ಓಡಾಡುವ ಲೈಸೆನ್ಸಿಗೆ, ಅರ್ಜಿ ಹಾಕಿ 45 ದಿನವಾಯಿತು, ಸುದ್ದಿಯೇ ಇಲ್ಲ. ಇನ್ನೆಷ್ಟು ಕಾಯಬೇಕು? ಅಷ್ಟಕ್ಕೂ ಈ ಲೈಸೆನ್ಸ್ ಬೇಕೇ ಬೇಕಾ? ತಾತ್ಕಾಲಿಕ ವೀಸಾದಲ್ಲಿ ಬಂದ ಭಾವಮೈದುನ ನಮ್ಮ ಮನೆಯಲ್ಲೇ ಇದ್ದಾನೆ, ಅದರಿಂದ ತೊಂದರೆಯಿದೆಯೇ?

ನೀವು ದುಡ್ಡು ಕಟ್ಟಿದ ದಿನದಿಂದ ಎಣಿಸುತ್ತಿದ್ದೀರಿ. ಟೆಕ್ಸಾಸ್‌ನ ಸಾರ್ವಜನಿಕ ಸುರಕ್ಷತಾ ಇಲಾಖೆ, ಅಂದರೆ ಡಿಪಿಎಸ್, ಎಣಿಸುವುದು ಕಡತ ಪೂರ್ತಿಯಾದ ದಿನದಿಂದ. ಈ ಎರಡು ತಾರೀಖುಗಳ ನಡುವೆ ಬಹಳಷ್ಟು ಅರ್ಜಿಗಳು ಸುಮ್ಮನೆ ಕೂತಿರುತ್ತವೆ.

ಕಾನೂನಿನ ಲೆಕ್ಕ ಹೀಗಿದೆ. ಅರ್ಜಿ, ತರಬೇತಿ ಪ್ರಮಾಣಪತ್ರ, ಬೆರಳಚ್ಚು, 40 ಡಾಲರ್ ಶುಲ್ಕ ಎಲ್ಲವೂ ಆಸ್ಟಿನ್‌ನ ಮುಖ್ಯ ಕಚೇರಿ ಸೇರಿದ ಮೇಲೆ 30 ದಿನದೊಳಗೆ ಕಡತ ನಿಮ್ಮ ಭಾಗದ ಅಧಿಕಾರಿಗೆ ಹೋಗಬೇಕು. ಪೂರ್ತಿ ಕಡತ ಅವರ ಕೈಸೇರಿದ 60 ದಿನದೊಳಗೆ ಇಲಾಖೆ ಲೈಸೆನ್ಸ್ ಕೊಡಬೇಕು, ಇಲ್ಲವೇ ನಿರಾಕರಿಸಿ ತಿಳಿಸಬೇಕು, ಅದೂ ಇಲ್ಲದಿದ್ದರೆ ಇಷ್ಟರಲ್ಲಿ ತೀರ್ಮಾನಿಸಲು ಆಗಲಿಲ್ಲ ಎಂದು ಕಾರಣ ಸಮೇತ ಬರೆಯಬೇಕು. ಆ ಗಡುವು ದಾಟಿ ಇನ್ನೂ 30 ದಿನ ಉತ್ತರವೇ ಬರದಿದ್ದರೆ ಕಾನೂನು ಅದನ್ನು ನಿರಾಕರಣೆ ಎಂದೇ ಪರಿಗಣಿಸುತ್ತದೆ. ಗಡುವು ಮೀರಿದರೆ ತಾನಾಗಿಯೇ ಮಂಜೂರಾಗುತ್ತದೆ ಎನ್ನುವವರ ಮಾತು ನಂಬಬೇಡಿ. ನಿರಾಕರಣೆ ಪತ್ರ ಬಂದರೆ 30 ದಿನದೊಳಗೆ ವಿಚಾರಣೆ ಬೇಕೆಂದು ಬರೆದು ಕೇಳಿ. ಅದು ನಿಮ್ಮ ಕೌಂಟಿಯ ಜಸ್ಟಿಸ್ ಕೋರ್ಟಿನಲ್ಲಿ ನಡೆಯುತ್ತದೆ. ಕಡತದಲ್ಲಿ ಕೊರತೆ ಇಲ್ಲ ಎಂದಾದರೆ 45 ದಿನಕ್ಕೆ ಗಾಬರಿ ಬೀಳಬೇಕಿಲ್ಲ. ಎಷ್ಟೋ ಸಲ ಈ ಗಡುವಿಗೆ ಬಹಳ ಮೊದಲೇ ಕಾರ್ಡು ಅಂಚೆಯಲ್ಲಿ ಬರುತ್ತದೆ.

ಹಾಗಾಗಿ ಕೊರತೆ ಇದೆಯೇ ಎಂದು ಇವತ್ತೇ ನೋಡಿ. ಮೊದಲು ಹೆಸರು. ನಮ್ಮ ಕಡೆಯವರ ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಊರಲ್ಲಿ ಇನಿಷಿಯಲ್ ಇಟ್ಟುಕೊಂಡು ಆರಾಮಾಗಿದ್ದವರು ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಮಾಡಿಸಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ವೀಸಾದಲ್ಲಿ ಇದ್ದ ಒಂದೇ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಬಂದು ಕೂರುತ್ತದೆ. ಡ್ರೈವಿಂಗ್ ಲೈಸೆನ್ಸಿನಲ್ಲಿ ಒಂದು ಕ್ರಮ, ಗ್ರೀನ್ ಕಾರ್ಡಿನಲ್ಲಿ ಇನ್ನೊಂದು, ತರಗತಿಯ ಪ್ರಮಾಣಪತ್ರದಲ್ಲಿ ತರಬೇತುದಾರ ಕೇಳಿಸಿಕೊಂಡು ಬರೆದ ಮೂರನೆಯದು. ಎಲ್ಲದರಲ್ಲೂ ಅಕ್ಷರಕ್ಕೆ ಅಕ್ಷರ ಟೆಕ್ಸಾಸ್ ಡ್ರೈವಿಂಗ್ ಲೈಸೆನ್ಸಿನ ಹೆಸರೇ ಇರಲಿ. ಗ್ರೀನ್ ಕಾರ್ಡೇ ಬೇರೆ ಹೆಸರು ಹೇಳುತ್ತಿದ್ದರೆ ಮೊದಲು ಡ್ರೈವಿಂಗ್ ಲೈಸೆನ್ಸ್ ಸರಿಪಡಿಸಿ, ಆಮೇಲೆ ಅರ್ಜಿ. ಪ್ರಮಾಣಪತ್ರ ತಪ್ಪಿದ್ದರೆ ತರಬೇತುದಾರರಿಂದಲೇ ಹೊಸದು ಬರೆಸಿಕೊಳ್ಳಿ. ಪೆನ್ನಿನಲ್ಲಿ ನೀವೇ ತಿದ್ದಿದರೆ ಹೊಸ ತಕರಾರು ಶುರುವಾಗುತ್ತದೆ.

ಎರಡನೆಯದು ಬೆರಳಚ್ಚು. ಆನ್‌ಲೈನ್ ಅರ್ಜಿ ಮುಗಿದಾಗ ಸಿಗುವ ಸರ್ವಿಸ್ ಕೋಡ್ ಹಾಕಿಯೇ ಬೆರಳಚ್ಚು ತೆಗೆಯುವ ಐಡೆಂಟೋಗೋ ಕೇಂದ್ರದಲ್ಲಿ ಸಮಯ ಗೊತ್ತು ಮಾಡಬೇಕು. ಬೇರೆ ಕೋಡ್ ಹಾಕಿದರೆ ನಿಮ್ಮ ಬೆರಳಚ್ಚು ಬೇರೆ ಯಾವುದೋ ಕೆಲಸದ ಖಾತೆಗೆ ಹೋಗುತ್ತದೆ, ಎಲ್‌ಟಿಸಿ ಕಡತಕ್ಕೆ ಬರುವುದೇ ಇಲ್ಲ. ಗ್ರೀನ್ ಕಾರ್ಡಿಗೆ ಕೊಟ್ಟ ಬಯೋಮೆಟ್ರಿಕ್ಸ್ ಆಗಲಿ, ಶಾಲೆಯ ಕೆಲಸಕ್ಕೆ ಕೊಟ್ಟದ್ದಾಗಲಿ ಇಲ್ಲಿ ಲೆಕ್ಕಕ್ಕಿಲ್ಲ. ಇನ್ನು, ಅಚ್ಚಿನ ಗೆರೆ ಸ್ಪಷ್ಟವಿಲ್ಲದಿದ್ದರೆ ಎಫ್‌ಬಿಐ ತಿರಸ್ಕರಿಸುತ್ತದೆ. ಚಳಿಗಾಲದ ಒಣ ಚರ್ಮ, ಪಾತ್ರೆ ತಿಕ್ಕಿ ಸವೆದ ಬೆರಳು, ವಯಸ್ಸು, ಹೀಗೆ ಕಾರಣ ಹಲವು. ಹೋಗುವ ಕೆಲವು ದಿನ ಮೊದಲಿನಿಂದ ರಾತ್ರಿ ಕೈಗೆ ಲೋಷನ್ ಹಚ್ಚಿ. ಹೋಗುವ ದಿನ ಮಾತ್ರ ಹಚ್ಚಬೇಡಿ, ಜಿಡ್ಡು ಗಾಜಿನ ಮೇಲೆ ಕಲೆಯಾಗುತ್ತದೆ. ತಿರಸ್ಕಾರವಾದರೆ ಇನ್ನೊಮ್ಮೆ ಕೊಡಲು ಕರೆಯುತ್ತಾರೆ. ಆ ಇಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿರುವುದು ಅಪರೂಪವಲ್ಲ, ಮೊದಲು ಅಲ್ಲಿ ಹುಡುಕಿ. ಬೆರಳಚ್ಚು ಕೊಟ್ಟ ರಸೀದಿ ಮತ್ತು ಅದರ ಮೇಲಿನ ಸಂಖ್ಯೆಯನ್ನು ಕಾರ್ಡು ಕೈಗೆ ಬರುವವರೆಗೂ ಎಸೆಯಬೇಡಿ. ಡಿಪಿಎಸ್‌ಗೆ ವಿಚಾರಿಸುವಾಗ "ನನ್ನ ಅರ್ಜಿ ಏನಾಯ್ತು" ಎಂದು ಕೇಳಿದರೆ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಸಿಗುತ್ತದೆ, ಅಷ್ಟೇ. "ಬೆರಳಚ್ಚು ಕಡತಕ್ಕೆ ಸೇರಿದೆಯೇ, ಯಾವ ದಾಖಲೆ ಬಾಕಿ ಇದೆ" ಎಂದು ಕೇಳಿ.

ಮೂರನೆಯದು ಹಳೆಯ ಕೇಸು. ಸ್ಪೀಡಿಂಗ್ ಟಿಕೆಟ್ ಕ್ಲಾಸ್ ಸಿ, ಅಂದರೆ ತೀರಾ ಸಣ್ಣ ದರ್ಜೆಯ ಅಪರಾಧ, ಅದರ ಚಿಂತೆ ಬೇಡ. ಕ್ಲಾಸ್ ಎ ಅಥವಾ ಬಿ ದರ್ಜೆಯ ಅಪರಾಧಕ್ಕೆ ಹಿಂದಿನ 5 ವರ್ಷದೊಳಗೆ ಶಿಕ್ಷೆಯಾಗಿದ್ದರೆ ಅನರ್ಹತೆ. ಮೊದಲ ಸಲ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದದ್ದೂ ಕ್ಲಾಸ್ ಬಿ. "ನನ್ನದು ಡಿಫರ್ಡ್ ಅಡ್ಜುಡಿಕೇಷನ್ (ಷರತ್ತು ಪಾಲಿಸಿದರೆ ಅಪರಾಧಿ ಎಂದು ತೀರ್ಪು ಕೊಡದೆ ಕೇಸು ಮುಗಿಸುವ ಏರ್ಪಾಡು), ಶಿಕ್ಷೆಯೇ ಆಗಿಲ್ಲ" ಎನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ, ಎಲ್‌ಟಿಸಿ ಕಾನೂನು ಸಾಮಾನ್ಯವಾಗಿ ಅದನ್ನೂ ಶಿಕ್ಷೆಯ ಲೆಕ್ಕಕ್ಕೇ ಸೇರಿಸುತ್ತದೆ. ಕೇಸು ವಜಾ ಆಗಿದ್ದರೂ ಆ ತೀರ್ಪು ದಾಖಲೆಗೆ ಏರದೆ ಬರೀ ಬಂಧನವಷ್ಟೇ ಕಾಣಿಸುತ್ತಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಆ ಕೌಂಟಿಯ ಕ್ಲರ್ಕ್ ಕಚೇರಿಯಿಂದ ತೀರ್ಪಿನ ದೃಢೀಕೃತ ಪ್ರತಿ ತರಿಸಿ, ಅವರು ಕೇಳುವ ಮೊದಲೇ ಕಳಿಸಿಬಿಡಿ. ತೆರಿಗೆ ಬಾಕಿ, ಮಕ್ಕಳ ಜೀವನಾಂಶದ ಬಾಕಿ ಅಧಿಕೃತವಾಗಿ ದಾಖಲಾಗಿದ್ದರೂ ಅಡ್ಡಿಯೇ.

ತರಬೇತಿ ನಿಮಗೆ ಮುಗಿದಿದೆ. ಇದನ್ನು ಓದುವ ಉಳಿದವರಿಗಾಗಿ ಎರಡು ಮಾತು. ತರಗತಿ 4ರಿಂದ 6 ಗಂಟೆ, ಪಾಠದ ಭಾಗ ಆನ್‌ಲೈನ್‌ನಲ್ಲೂ ಆಗುತ್ತದೆ, ಗುಂಡು ಹಾರಿಸುವ ಭಾಗಕ್ಕೆ ಮಾತ್ರ ರೇಂಜಿಗೆ ಹೋಗಲೇಬೇಕು. ಒಟ್ಟು 50 ಗುಂಡು: 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. 250ಕ್ಕೆ 175 ಅಂಕ ಬಂದರೆ ಪಾಸು. 2017ರಿಂದ ಕನಿಷ್ಠ ಕ್ಯಾಲಿಬರ್ (ಗುಂಡಿನ ಗಾತ್ರ) ಷರತ್ತು ಇಲ್ಲ, ಹೊಸಬರು .22 ತೆಗೆದುಕೊಂಡು ಹೋದರೂ ತಪ್ಪಿಲ್ಲ. ಅಂಕ ಹೋಗುವುದು ಹೆಚ್ಚಾಗಿ ಗುರಿ ತಪ್ಪಿದ್ದರಿಂದಲ್ಲ, ಸದ್ದಿಗೆ ಮುಂಚೆಯೇ ಬೆಚ್ಚಿ ಮಣಿಕಟ್ಟು ಕೆಳಗೆ ಬಗ್ಗಿಸುವುದರಿಂದ. ಬಲಗೈಯವರ ಗುಂಡುಗಳೆಲ್ಲ ಹಾಳೆಯ ಕೆಳ ಎಡಮೂಲೆಗೆ ಹೋಗಿ ಗುಂಪಾಗುತ್ತವೆ. ಎಡ ಹೆಬ್ಬೆರಳನ್ನು ಸ್ಲೈಡಿನ (ಗುಂಡು ಹಾರಿದಾಗ ಹಿಂದಕ್ಕೆ ಸರಿಯುವ ಬಂದೂಕಿನ ಮೇಲ್ಭಾಗದ) ಹಿಂದೆ ಅಡ್ಡ ಇಡಬೇಡಿ. ಸ್ಲೈಡು ಹಿಂದಕ್ಕೆ ಬಂದಾಗ ಹೆಬ್ಬೆರಳ ಬುಡದ ಚರ್ಮ ಸೀಳುತ್ತದೆ, ಅಲ್ಲಿಗೆ ಆ ದಿನದ ಪರೀಕ್ಷೆಯೂ ಮುಗಿಯಿತು.

ಇನ್ನು, ಲೈಸೆನ್ಸ್ ಬೇಕೇ ಬೇಕಾ ಎಂಬ ನಿಮ್ಮ ಅನುಮಾನ. 2021ರ ಸೆಪ್ಟೆಂಬರ್ 1ರಿಂದ 21 ದಾಟಿದ, ಕಾನೂನಿನ ಅಡ್ಡಿ ಯಾವುದೂ ಇಲ್ಲದವರು ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಇಲ್ಲದೆಯೂ ಕೈಬಂದೂಕು ಇಟ್ಟುಕೊಂಡು ಓಡಾಡಬಹುದು ನಿಜ. ಆದರೆ ಶಾಲೆಯ ಆವರಣದಿಂದ 1000 ಅಡಿಯೊಳಗೆ ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ರಾಜ್ಯ ಕೊಟ್ಟ ಲೈಸೆನ್ಸ್ ಇದ್ದವರಿಗೆ ಅದರಿಂದ ವಿನಾಯಿತಿ. ಪ್ಲೇನೊ, ಫ್ರಿಸ್ಕೊದಂಥ ಊರಿನಲ್ಲಿ ಯಾವ ಶಾಲೆಯ 1000 ಅಡಿಯನ್ನೂ ಮುಟ್ಟದೆ ಕೊತ್ತಂಬರಿ ಸೊಪ್ಪು ತರುವುದೂ ಕಷ್ಟ. ಹಾಗಾಗಿ ಕಾರ್ಡು ಬರುವ ತನಕ ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟೇ ಸಾಗಿಸಿ. ಇದಲ್ಲದೆ ಟೆಕ್ಸಾಸ್ ಎಲ್‌ಟಿಸಿಯನ್ನು ಒಪ್ಪುವ ಬೇರೆ ರಾಜ್ಯಗಳಿವೆ. ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗ ಫೆಡರಲ್ ತಪಾಸಣೆಗೆ ಬದಲಾಗಿಯೂ ಅದು ನಡೆಯುತ್ತದೆ. ಒಂದೇ ಹೆಸರಿನವರು ಹಲವರಿದ್ದು ಪ್ರತಿ ಸಲ ತಡವಾಗುವವರಿಗೆ ಇದೇ ದೊಡ್ಡ ಉಪಕಾರ. ಮೊದಲ ಲೈಸೆನ್ಸ್ ಸುಮಾರು 4 ವರ್ಷ, ನವೀಕರಿಸಿದರೆ 5 ವರ್ಷ. 40 ಡಾಲರ್ ಕೊಟ್ಟದ್ದು ವ್ಯರ್ಥವೇನಲ್ಲ.

ಒಂದು ಎಚ್ಚರ: ಲೈಸೆನ್ಸ್ ಬಂದ ಮೇಲೂ ಶಾಲೆಯ ಕಟ್ಟಡದೊಳಗೆ ಬಂದೂಕು ಒಯ್ಯುವಂತಿಲ್ಲ. ಸಂಘದ ರಾಜ್ಯೋತ್ಸವ ಹೈಸ್ಕೂಲಿನ ಸಭಾಂಗಣದಲ್ಲಿ ನಡೆದರೆ ಅದು ಮನೆಯಲ್ಲೇ ಇರಲಿ. ದೇವಸ್ಥಾನದ ಬಾಗಿಲಲ್ಲಿ 30.06 ಅಥವಾ 30.07 ಸಂಖ್ಯೆಯ ಬೋರ್ಡು ಇದೆಯೇ ಎಂದೂ ನೋಡಿಕೊಳ್ಳಿ: ಮೊದಲನೆಯದು ಬಚ್ಚಿಟ್ಟು ತರುವುದನ್ನು ತಡೆಯುತ್ತದೆ, ಎರಡನೆಯದು ಕಾಣುವಂತೆ ತರುವುದನ್ನು.

ಭಾವಮೈದುನನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದು ಫೆಡರಲ್ ಅಪರಾಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವಂಥ ಕೆಲವು ವಿನಾಯಿತಿಗಳಿವೆ, ಅದು ಬೇರೆ ಮಾತು. ಕೈಯಲ್ಲಿ ಹಿಡಿದಿರಲೇಬೇಕೆಂದಿಲ್ಲ, ಬೇಕೆಂದಾಗ ತೆಗೆದುಕೊಳ್ಳುವಂತಿದ್ದರೂ 'ವಶದಲ್ಲಿದೆ' ಎಂದು ವಾದಿಸಲು ಅವಕಾಶವಿದೆ. ಆದ್ದರಿಂದ ಸೇಫ್ ಕೊಳ್ಳಿ, ಕೋಡ್ ನಿಮಗೊಬ್ಬರಿಗೇ ಗೊತ್ತಿರಲಿ, ಗುಂಡಿನ ಪೆಟ್ಟಿಗೆಯೂ ಅದರೊಳಗೇ ಇರಲಿ. "ಒಂದ್ಸಲ ರೇಂಜಿಗೆ ಕರ್ಕೊಂಡು ಹೋಗು ಭಾವ" ಎಂದರೆ ಮೊದಲು ವಲಸೆ ವಕೀಲರನ್ನು ಕೇಳಿ.

ನಿಮಗೂ ಒಂದು ಮಾತಿದೆ. ಅಂಗಡಿಯಲ್ಲಿ ತುಂಬುವ ಫಾರ್ಮ್ 4473ರಲ್ಲಿ ಪೌರತ್ವ ಕೇಳುವ ಕಡೆ ಅವಸರದಲ್ಲಿ ಅಮೆರಿಕದ ಪ್ರಜೆ ಎಂದು ಗುರುತು ಹಾಕಬೇಡಿ. ಭಾರತ ಎಂದೇ ಬರೆದು, ಗ್ರೀನ್ ಕಾರ್ಡಿನ ಮೇಲಿರುವ 'ಎ' ಸಂಖ್ಯೆ ಕೊಡಿ. ಸುಳ್ಳು ಪೌರತ್ವ ಹೇಳಿಕೊಂಡದ್ದು ಗಡೀಪಾರಿಗೇ ಕಾರಣವಾಗಬಲ್ಲದು, ಬಂದೂಕಿನ ಅಪರಾಧವೂ ಹಾಗೆಯೇ. ಕ್ಲರ್ಕ್ ಪರದೆ ತಿರುಗಿಸಿ "ಇಲ್ಲಿ ಸಹಿ" ಎಂದಾಗ ಆ ಸಾಲನ್ನು ಇನ್ನೊಮ್ಮೆ ಓದಿ, ಆಮೇಲೆ ಸಹಿ ಹಾಕಿ.